ಆಯುಧಪೂಜೆಗೆ ಪೆಟ್ಟಿಗೆ ಸೇರಿದ ಹೊಸ ಪಾನಾ ಯಾವುದು? ಯಾವ ನಟ್ಟಿಗಾಗಿ ತಗೊಂಡಿರಿ?

ದಾವಣಗೆರೆ ಟೂ ವೀಲರ್:
ಪ್ರತಿ ವರ್ಷ ಆಯುಧಪೂಜೆಗೆ ಪಾನಾಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಗೋಣಿಚೀಲದ ಮೇಲೆ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಹೂ ಏರಿಸಿ, ಬೂದುಗುಂಬಳ ಒಡೆದು ಮತ್ತೆ ಪೆಟ್ಟಿಗೆಗೆ ಹಾಕುತ್ತಿದ್ದೆ. ಈ ಸಲ ಪೂಜೆಗೆ ನಾಲ್ಕು ದಿನ ಮುಂಚೆ ವರ್ನಿಯರ್ (ಮಿ.ಮೀ.ಗಿಂತ ಸಣ್ಣದನ್ನೂ ಅಳೆಯುವ ಸಾಧನ) ಹಿಡಿದು ಕೂತೆ. ಒಂದೊಂದು ಪಾನಾದ ಬಾಯಿಯನ್ನೂ ಅಳೆದೆ.

ನನ್ನ 10ರ ಪಾನಾ 10.42 ಮಿ.ಮೀ. ತೋರಿಸಿತು. ಹನ್ನೊಂದು ವರ್ಷ ದುಡಿದ ಪಾನಾ ಅದು. ಬಾಯಿ ಬಿಟ್ಟಿದೆ ಅಂತ ಕಣ್ಣಿಗೆ ಕಾಣುವುದೇ ಇಲ್ಲ. ಪಕ್ಕದಲ್ಲಿದ್ದ ಹೊಸ ಬೋಲ್ಟಿನ ತಲೆ 9.9 ಇತ್ತು. ಅಂದರೆ ನಡುವೆ ಅರ್ಧ ಮಿ.ಮೀ. ಜಾಗ. ಬೋಲ್ಟಿಗೆ ಹಾಕಿ ಮೆಲ್ಲಗೆ ಅಲ್ಲಾಡಿಸಿದೆ. ಪಾನಾ ಮಗ್ಗುಲಿಗೆ ತಾಗುತ್ತಲೇ ಇಲ್ಲ, ಎರಡು ಮೂಲೆಗೆ ಮಾತ್ರ ತಾಗುತ್ತಿದೆ. ಇಷ್ಟು ದಿನ ಬೋಲ್ಟಿನ ಮೂಲೆ ಸವೆದು ರೌಂಡ್ ಆದಾಗಲೆಲ್ಲ ಬೋಲ್ಟನ್ನೇ ಬೈಯುತ್ತಿದ್ದೆ.

ಮರುದಿನವೇ ಅಂಗಡಿಗೆ ಹೋಗಿ ತಪಾರಿಯಾ ಕಂಪನಿಯ ಕಾಂಬಿನೇಷನ್ ಪಾನಾ (ಒಂದು ತುದಿ ತೆರೆದ ಬಾಯಿ, ಇನ್ನೊಂದು ತುದಿ ರಿಂಗ್) ತಗೊಂಡೆ. 8, 10, 12, 13, 14, 17. ಆರೇ ಆರು. ಅಂಗಡಿಯಲ್ಲೇ ಅಳೆದು ನೋಡಿದೆ, 10ರದ್ದು 10.1 ಇತ್ತು. ಜೇಬಲ್ಲಿ ಒಯ್ದಿದ್ದ ಬೋಲ್ಟಿಗೆ ಹಾಕಿದರೆ ಟಕ್ ಅಂತ ಕೂತಿತು. ಆ ಸದ್ದು ಕೇಳಿದರೆ ಸಾಕು, ಕೈಗೆ ಧೈರ್ಯ ಬರುತ್ತದೆ.

ನೀವೆಲ್ಲ ಈ ಸಲ ಏನು ತಗೊಂಡಿರಿ? ಬರೀ ಹೆಸರು ಹೇಳಬೇಡಿ. ಯಾವ ನಟ್ಟು ನಿಮ್ಮನ್ನು ಅಂಗಡಿಗೆ ಕಳಿಸಿತು ಅನ್ನುವುದನ್ನೂ ಹೇಳಿ.

ಹುಬ್ಬಳ್ಳಿ ಕಾರ್ ಗ್ಯಾರೇಜ್:
ಒಳ್ಳೆ ಕೆಲಸ ಮಾಡಿದಿರಿ. ನನ್ನದು 3/8 ಡ್ರೈವಿನ (ಸಾಕೆಟ್ ಕೂರುವ ಚೌಕ ಮೂತಿ 3/8 ಇಂಚು) ರಾಚೆಟ್, ಅಂದರೆ ನಟ್ಟಿನಿಂದ ತೆಗೆಯದೆ ಹಿಂದೆ ಮುಂದೆ ಆಡಿಸಿ ತಿರುಗಿಸುವ ಹಿಡಿ, 72 ಹಲ್ಲಿನದು. ಅದರ ಜೊತೆಗೆ ಆರು ಮೂಲೆಯ ಸಾಕೆಟ್, 8ರಿಂದ 19ರ ತನಕ.

ಹಳೆ ರಾಚೆಟ್‌ನಲ್ಲಿ 24 ಹಲ್ಲು. ಒಂದು ಹಲ್ಲು ದಾಟಬೇಕಾದರೆ ಹಿಡಿ 15 ಡಿಗ್ರಿ ತಿರುಗಬೇಕು. 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಆಲ್ಟರ್ನೇಟರ್ ಕೆಳಗಿನ ಬೋಲ್ಟ್ ಬಿಚ್ಚುವವರಿಗೆ ಇದರ ಬೆಲೆ ಗೊತ್ತು. ಅಲ್ಲಿ ಕೈ ಹೋಗುವುದೇ ಕಷ್ಟ, ಹಿಡಿ ಅಲ್ಲಾಡಲು ಎರಡು ಬೆರಳಷ್ಟೂ ಜಾಗ ಇರುವುದಿಲ್ಲ. ಮೊದಲು ಅದೊಂದು ಬೋಲ್ಟಿಗೆ ಇಪ್ಪತ್ತು ನಿಮಿಷ ಹೋಗುತ್ತಿತ್ತು. ಈಗ ಕಟಕಟ ಅಂತ ನಾಲ್ಕು ನಿಮಿಷ.

ಆರು ಮೂಲೆ ಯಾಕೆ ಅಂದರೆ, ಹನ್ನೆರಡು ಮೂಲೆಯ ಸಾಕೆಟ್ ನಟ್ಟನ್ನು ಮೂಲೆಯ ಹತ್ತಿರವೇ ಹಿಡಿಯುತ್ತದೆ. ಆರು ಮೂಲೆಯದು ಮೂಲೆಯಿಂದ ಸ್ವಲ್ಪ ದೂರ, ಮಗ್ಗುಲಿನ ಮೇಲೆ ಒತ್ತುತ್ತದೆ. ತುಕ್ಕು ಹಿಡಿದ ನಟ್ಟಿಗೆ ಇದೇ ಬೇಕು. ಹನ್ನೆರಡು ಮೂಲೆಯದು ಬೇಡ ಅಂತಲ್ಲ. ರಿಂಗ್ ಪಾನಾದಲ್ಲಿ ಅದೇ ಅನುಕೂಲ, 30 ಡಿಗ್ರಿಗೊಮ್ಮೆ ಮತ್ತೆ ಕೂರಿಸಬಹುದು. ಆರು ಮೂಲೆಯದಾದರೆ 60 ಡಿಗ್ರಿ ತಿರುಗಬೇಕು. ರಾಚೆಟ್ ಇದ್ದಾಗ ಆ ತೊಂದರೆಯೇ ಇಲ್ಲವಲ್ಲ, ಹಾಗಾಗಿ ಸಾಕೆಟ್ ಮಾತ್ರ ಆರು ಮೂಲೆಯದೇ ಇರಲಿ.

ಚಿಕ್ಕಮಗಳೂರು ಐಟಿಐ:
ಅಣ್ಣ, ನಾನು ಎರಡನೇ ವರ್ಷದ ಮೋಟಾರ್ ಮೆಕ್ಯಾನಿಕ್. ಕಾಫಿ ಕೊಯ್ಲಿನ ರಜೆಯಲ್ಲಿ ದುಡಿದ ದುಡ್ಡು ಸ್ವಲ್ಪ ಇದೆ. ಸೂಟ್‌ಕೇಸ್ ತರದ ಪೆಟ್ಟಿಗೆಯಲ್ಲಿ ನೂರಕ್ಕೂ ಜಾಸ್ತಿ ಐಟಂ ಇರುವ ಸೆಟ್ ಕಡಿಮೆ ಬೆಲೆಗೆ ಸಿಗುತ್ತಿದೆ. ನೋಡಲು ಫಳಫಳ ಹೊಳೆಯುತ್ತದೆ. ತಗೊಳ್ಳಲಾ?

ಪೀಣ್ಯ ಫಿಟ್ಟರ್:
ತಗೊಳ್ಳಬೇಡ ತಮ್ಮಾ. ಯಾಕೆ ಅಂತ ಪೂರ್ತಿ ಹೇಳುತ್ತೇನೆ.

ಆ ನೂರು ಐಟಂ ಎಣಿಸು. ಅರ್ಧಕ್ಕಿಂತ ಜಾಸ್ತಿ ಸಣ್ಣ ಸಣ್ಣ ಬಿಟ್ ಇರುತ್ತವೆ. ಆಮೇಲೆ ನೀನು ಯಾವತ್ತೂ ಮುಟ್ಟದ ಸೈಜಿನ ಸಾಕೆಟ್. ನಿಜಕ್ಕೂ ದಿನಾ ಕೈಗೆ ಬರುವುದು ಹತ್ತು ಹನ್ನೆರಡು. ಮಿಕ್ಕಿದ್ದಕ್ಕೆಲ್ಲ ಕೊಟ್ಟ ದುಡ್ಡು ಈ ಹತ್ತು ಹನ್ನೆರಡರ ಉಕ್ಕಿನಿಂದ ಕಡಿತ ಆಗಿರುತ್ತದೆ.

ನಾನು ಶುರುವಿನಲ್ಲಿ ಅಂಥದ್ದೇ ಒಂದು ಸೆಟ್ ತಗೊಂಡಿದ್ದೆ. ಮೇಲೆ ಕ್ರೋಮ್ ವನೇಡಿಯಂ ಅಂತ ಅಚ್ಚು ಇತ್ತು. ಮೂರನೇ ದಿನ 14ರ ಸಾಕೆಟ್ ಹಾಕಿ ಎಳೆದೆ, ಒಳಗಿನ ಮೂಲೆಗಳು ಮೇಣದ ತರ ಬಾಗಿದವು. ರಾಚೆಟ್ ಹಲ್ಲು ಜಾರಿ ಮುಷ್ಟಿ ಹೋಗಿ ಸೈಲೆನ್ಸರ್ ಬ್ರಾಕೆಟ್‌ಗೆ ಬಡಿಯಿತು. ಎರಡು ಗೆಣ್ಣಿನ ಚರ್ಮ ಕಿತ್ತು ಬಂತು. ಈಗಲೂ ಕಲೆ ಇದೆ.

ಬೋಲ್ಟಿನ ಲೆಕ್ಕ ಮೊದಲು ತಲೆಗೆ ಹತ್ತಲಿ. 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ ತಲೆ 10. 8 ಮಿ.ಮೀ. ಬೋಲ್ಟಿಗೆ ಜಪಾನಿನ ಪದ್ಧತಿಯಲ್ಲಿ 12, ಯುರೋಪಿನ ಪದ್ಧತಿಯಲ್ಲಿ 13. 10 ಮಿ.ಮೀ. ಬೋಲ್ಟಿಗೆ ಜಪಾನಿನಲ್ಲಿ 14, ಯುರೋಪಿನಲ್ಲಿ ಹಳೆಯದು 17, ಹೊಸದು 16. ಅದಕ್ಕೇ ಮಾರುತಿ, ಹೋಂಡಾ ಗಾಡಿ ಬಂದರೆ 10, 12, 14 ಓಡಾಡುತ್ತವೆ. ಟಾಟಾ, ಮಹೀಂದ್ರಾ ಬಂದರೆ 13, 17 ಕೈಗೆ ಬರುತ್ತವೆ. ದಾವಣಗೆರೆಯವರು ತಗೊಂಡ ಆರು ಸೈಜು ನೋಡು, ಸುಮ್ನೆ ಆರಿಸಿದ್ದಲ್ಲ ಅವು.

ನಿನಗೆ ನನ್ನ ಮಾತು ಇಷ್ಟೇ. 8, 10, 12, 14, 17 ಕಾಂಬಿನೇಷನ್ ಪಾನಾ ಬಿಡಿಬಿಡಿಯಾಗಿ ತಗೋ. ಒಂದು ಒಳ್ಳೆ ಕಟಿಂಗ್ ಪ್ಲೇಯರ್. ಅರ್ಧ ಕೆ.ಜಿ. ಬಾಲ್ ಪೀನ್ ಸುತ್ತಿಗೆ. ಸ್ಕ್ರೂಡ್ರೈವರ್ ಎರಡು. ಮಿಕ್ಕಿದ್ದನ್ನು ಕೆಲಸವೇ ಕೇಳುತ್ತದೆ. ಯಾವುದನ್ನು ಮೂರು ಸಲ ಪಕ್ಕದವನ ಹತ್ತಿರ ಸಾಲ ಕೇಳಿದೆಯೋ, ಅದನ್ನು ನಾಲ್ಕನೇ ಸಲ ಅಂಗಡಿಯಲ್ಲಿ ಕೇಳು.

ಬೆಂಗಳೂರಿಗೆ ಬಂದರೆ ಎಸ್.ಜೆ.ಪಿ. ರಸ್ತೆಗೆ ಹೋಗು. ಬೆಳಿಗ್ಗೆ ಹೋಗು, ಅಂಗಡಿಯವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ಬಿಲ್ ಕೇಳಿ ತಗೋ.

ಮೈಸೂರು ಬುಲೆಟ್:
ನನ್ನ ಹೊಸ ಪಾನಾ ನಿಜಕ್ಕೂ ನನಗಿಂತ ಹಳೆಯದು. ಆದರೂ ಇಲ್ಲಿ ಹೇಳಲೇಬೇಕು.

ನನ್ನ ಹತ್ತಿರ ಬರುವುದೆಲ್ಲ ಹಳೆ ಕಾಸ್ಟ್ ಐರನ್ ಬುಲೆಟ್. ಬರುವ ಹತ್ತರಲ್ಲಿ ಎಂಟು ಗಾಡಿಯ ನಟ್ಟು ರೌಂಡ್ ಆಗಿರುತ್ತದೆ. ಕಾರಣ ಒಂದೇ. ಆ ನಟ್ಟು ಮಿ.ಮೀ. ಲೆಕ್ಕದ್ದೇ ಅಲ್ಲ. ಇಂಗ್ಲೆಂಡಿನಲ್ಲಿ 1841ರಲ್ಲಿ ಜೋಸೆಫ್ ವಿಟ್‌ವರ್ತ್ ಹೇಳಿದ ಅಳತೆಯ ಮನೆತನಕ್ಕೆ ಸೇರಿದ್ದು. 1955ರಿಂದ ಮದ್ರಾಸಿನಲ್ಲಿ ಬುಲೆಟ್ ಜೋಡಿಸಲು ಶುರು ಮಾಡಿದಾಗ ಗಾಡಿಯ ಜೊತೆ ಆ ನಟ್ಟುಗಳೂ ಬಂದವು, ಪಾನಾ ಮಾತ್ರ ಎಲ್ಲ ಗ್ಯಾರೇಜಿಗೆ ಬರಲಿಲ್ಲ.

ಇದರಲ್ಲಿ ಗೊಂದಲ ಹುಟ್ಟಿಸುವ ವಿಷಯ ಏನೆಂದರೆ, ವಿಟ್‌ವರ್ತ್ ಪಾನಾದ ಮೇಲಿನ ನಂಬರ್ ಬಾಯಿಯ ಅಗಲ ಅಲ್ಲ. ಬೋಲ್ಟಿನ ದಪ್ಪ. 1/4 ಅಂತ ಬರೆದಿರುವ ಪಾನಾದ ಬಾಯಿ 0.525 ಇಂಚು, ಅಂದರೆ 13.3 ಮಿ.ಮೀ. ಈಗ ಯೋಚನೆ ಮಾಡಿ. 13ರ ಪಾನಾ ಒಳಗೆ ಹೋಗುವುದಿಲ್ಲ. 14 ಹಾಕಿದರೆ ಸುಮಾರು 0.7 ಮಿ.ಮೀ. ಸಡಿಲ. ಮೆಕ್ಯಾನಿಕ್ 14 ಹಾಕಿ ಎಳೆಯುತ್ತಾನೆ, ಮೂಲೆ ಸವೆಯುತ್ತದೆ. ಮುಂದಿನವನು ಪೈಪ್ ರೆಂಚ್ ಹಾಕುತ್ತಾನೆ. ಅದರ ಮುಂದಿನವನು ಚಾಣ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಾನೆ. ಕೊನೆಗೆ ನನ್ನ ಹತ್ತಿರ ಬರುವಾಗ ಅದು ನಟ್ಟಾಗಿ ಉಳಿದಿರುವುದಿಲ್ಲ.

ಹೋದ ತಿಂಗಳು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಗೆ ಹೋಗಿದ್ದೆ. ಬೆಳಿಗ್ಗೆ ಏಳಕ್ಕೆ. ನೆಲದ ಮೇಲೆ ಹಾಸಿದ ಟಾರ್ಪಾಲಿನಲ್ಲಿ ಹಳೆ ಬೀಗ, ಫ್ಯಾನಿನ ಮೋಟಾರು, ಒಂದು ಗುಡ್ಡೆ ತುಕ್ಕು ಪಾನಾ. ಕೈ ಹಾಕಿ ಕೆದಕುತ್ತಾ ಹೋದೆ. ಒಂದು ರಿಂಗ್ ಪಾನಾ ಭಾರವಾಗಿತ್ತು. ಹೆಬ್ಬೆರಳಲ್ಲಿ ತುಕ್ಕು ಉಜ್ಜಿದರೆ ಒಂದು ತುದಿಯಲ್ಲಿ 3/16, ಇನ್ನೊಂದು ತುದಿಯಲ್ಲಿ 1/4. ಎದೆ ಡವಡವ ಅಂದಿತು. ಮಾತಾಡದೆ ಕೇಳಿದಷ್ಟು ಕೊಟ್ಟು ತಂದೆ.

ಡೀಸೆಲ್‌ನಲ್ಲಿ ಎರಡು ದಿನ ನೆನೆಹಾಕಿ, ವೈರ್ ಬ್ರಷ್‌ನಲ್ಲಿ ತಿಕ್ಕಿದೆ. ಕ್ರೋಮ್ ಇಲ್ಲ, ಬರೀ ಕಪ್ಪು ಉಕ್ಕು. ಟ್ಯಾಪೆಟ್ ಕವರಿನ ನಟ್ಟಿಗೆ ಹಾಕಿದೆ. ಒಂದಿಷ್ಟೂ ಆಟ ಇಲ್ಲ. ಸುತ್ತಿಗೆ ಇಲ್ಲ, ಪೈಪು ಇಲ್ಲ, ಒಂದೇ ಕೈಯಲ್ಲಿ ಬಿಚ್ಚಿತು. ಗಾಡಿಯ ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ಅವರ ಅಪ್ಪನ ಗಾಡಿ ಅದು. ಆ ನಟ್ಟು ಇಷ್ಟು ಸಲೀಸಾಗಿ ಬಿಚ್ಚಿದ್ದನ್ನು ಅವರು ನೋಡಿದ್ದು ಅದೇ ಮೊದಲು ಅಂತ ಹೇಳಿದರು.

ದಾವಣಗೆರೆ ಟೂ ವೀಲರ್:
ಇದನ್ನೇ ಕೇಳಬೇಕಿತ್ತು. ನಮ್ಮೂರಿನಲ್ಲೂ ಹಳೆ ಬುಲೆಟ್ ಬರುತ್ತವೆ, ಎಲ್ಲರೂ 14 ಹಾಕುವುದೇ. ಬಿಎಸ್ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್, ಸಣ್ಣ ಥ್ರೆಡ್ಡಿನ ಬ್ರಿಟಿಷ್ ಅಳತೆ) ಅಂತ ಬರೆದ ಪಾನಾ ಸಿಕ್ಕರೆ ನಡೆಯುತ್ತದಾ?

ಮೈಸೂರು ಬುಲೆಟ್:
ನಡೆಯುತ್ತದೆ. ಬಾಯಿ ಒಂದೇ, ಹೆಸರು ಮಾತ್ರ ಒಂದು ಮೆಟ್ಟಿಲು ಬೇರೆ. 1/4 ವಿಟ್‌ವರ್ತ್ ಅಂದರೂ 5/16 ಬಿಎಸ್ಎಫ್ ಅಂದರೂ ಅದೇ 13.3. ಎರಡೂ ಹೆಸರು ಕೆತ್ತಿರುವ ಪಾನಾಗಳೂ ಸಿಗುತ್ತವೆ. ಆದರೆ ಪಾನಾ ಕೂತಿತು ಅಂತ ಬೋಲ್ಟನ್ನು ಅದಲುಬದಲು ಮಾಡಬೇಡಿ. ವಿಟ್‌ವರ್ತ್ ಥ್ರೆಡ್ಡಿನ ಕೋನ 55 ಡಿಗ್ರಿ, ಮೆಟ್ರಿಕ್‌ನದು 60. ಬಲವಂತ ಮಾಡಿದರೆ ಎರಡು ಸುತ್ತು ಹೋಗುತ್ತದೆ, ಮೂರನೇ ಸುತ್ತಿಗೆ ಕೇಸಿನ ಥ್ರೆಡ್ಡೇ ಕಿತ್ತು ಬರುತ್ತದೆ.

ಮಲ್ಪೆ ಬೋಟ್ ಎಂಜಿನ್:
ನಮ್ಮ ಕಡೆ ಕತೆ ಬೇರೆ. ಇಲ್ಲಿ ಪಾನಾ ಸವೆದು ಹೋಗುವುದಕ್ಕಿಂತ ಮೊದಲು ಉಪ್ಪುಗಾಳಿ ಅದನ್ನು ತಿಂದು ಮುಗಿಸುತ್ತದೆ. ಮೀನಿನ ಬೋಟಿನ ಎಂಜಿನ್ ರೂಮಿನಲ್ಲಿ ಒಂದು ರಾತ್ರಿ ಪಾನಾ ಬಿಟ್ಟರೆ ಬೆಳಿಗ್ಗೆ ಕಂದು ಬಣ್ಣ.

ಹೊಳೆಯುವ ಪಾನಾ ತಗೊಳ್ಳುವವರಿಗೆ ಒಂದು ಮಾತು. ಕ್ರೋಮ್ ಲೇಪ ಎಲ್ಲಾದರೂ ಗೀಚಿತು ಅಂದರೆ ಅದರ ಅಡಿಯಲ್ಲಿ ತುಕ್ಕು ಓಡುತ್ತದೆ, ಲೇಪ ಹಪ್ಪಳದ ತರ ಏಳುತ್ತದೆ. ಆ ಚಕ್ಕೆ ಬ್ಲೇಡಿನಷ್ಟು ಚೂಪು. ಅಂಗೈ ಸೀಳಿಕೊಂಡಿದ್ದೇನೆ. ಏಳಲು ಶುರುವಾದ ಪಾನಾ ಎಷ್ಟೇ ಪ್ರೀತಿಯದಾದರೂ ಅರದಲ್ಲಿ ಉಜ್ಜಿ ಚಕ್ಕೆ ತೆಗೆಯಿರಿ.

ನಾನು ತಗೊಂಡಿದ್ದು 46ರ ಸ್ಲಾಗಿಂಗ್ ಪಾನಾ. ಗಿಡ್ಡ ಹಿಡಿ, ತುದಿಯಲ್ಲಿ ದಪ್ಪ ಗಂಟು, ಆ ಗಂಟಿನ ಮೇಲೆ ಸುತ್ತಿಗೆಯಲ್ಲಿ ಹೊಡೆಯಲೆಂದೇ ಮಾಡಿದ್ದು. ಅದಕ್ಕೆ ಮುಂಚೆ ಸಾಮಾನ್ಯ ಪಾನಾಕ್ಕೇ ಹೊಡೆಯುತ್ತಿದ್ದೆವು. ಅದು ಹೊಡೆತಕ್ಕೆ ಮಾಡಿದ್ದಲ್ಲ. ಬಾಯಿ ಬಿಡುತ್ತದೆ, ಇಲ್ಲವೇ ಸೀಳುತ್ತದೆ.

ಕೆಲಸ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಎಂಜಿನ್ ಆಯಿಲ್ ಹಿಂಡಿದ ಬಟ್ಟೆಯಲ್ಲಿ ಸುತ್ತಿ ಇಡುತ್ತೇನೆ. ಎಣ್ಣೆ ಸುರಿಯುವುದು ಬೇಡ, ಕೈ ಜಾರುತ್ತದೆ. ತೆಳುವಾಗಿ ಸಾಕು.

ಶಿವಮೊಗ್ಗ ಸ್ಕೂಟರ್ ಗ್ಯಾರೇಜ್:
ಎಲ್ಲರೂ ಪಾನಾ ಬಗ್ಗೆಯೇ ಹೇಳುತ್ತಿದ್ದೀರಿ. ಸ್ಕ್ರೂಡ್ರೈವರ್ ಬಗ್ಗೆ ನಾನು ಹೇಳುತ್ತೇನೆ. ಹೆಂಗಸು ಗ್ಯಾರೇಜ್ ನಡೆಸುತ್ತಾಳೆ ಅಂದಾಗ ಮೊದಲು ಬಂದ ಮಾತು, ಕೈಯಲ್ಲಿ ಶಕ್ತಿ ಸಾಲುತ್ತದಾ ಅಂತ. ಕಾರ್ಬ್ಯುರೇಟರ್ ಸ್ಕ್ರೂ ಬಿಚ್ಚಲು ಶಕ್ತಿ ಬೇಕಿಲ್ಲ. ಸರಿಯಾದ ತುದಿ ಬೇಕು.

ನಾವು ಸ್ಟಾರ್ ಅಂತ ಕರೆಯುವ ಸ್ಕ್ರೂ ಒಂದೇ ಜಾತಿ ಅಲ್ಲ. ಅಮೆರಿಕದ ಫಿಲಿಪ್ಸ್ ಒಂದು, ಅದರ ಪೇಟೆಂಟ್ 1936ರದು. ಜಪಾನಿನ ಕೈಗಾರಿಕಾ ಮಾನದಂಡವಾದ ಜೆಐಎಸ್‌ನದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ ಕೂಡಿಸುವ ಗುರುತು. ಆದರೆ ಫಿಲಿಪ್ಸ್ ಡ್ರೈವರಿನ ತುದಿಯನ್ನು ಜಪಾನಿನ ಸ್ಕ್ರೂಗೆ ಹಾಕಿದರೆ ತಳದ ತನಕ ಕೂರುವುದಿಲ್ಲ. ತಿರುಗಿಸಿದಾಗ ಮೇಲೆದ್ದು ಹೊರಗೆ ಬರುತ್ತದೆ. ಬರುವಾಗ ಸ್ಕ್ರೂವಿನ ತಲೆಯನ್ನೂ ಕೆರೆದುಕೊಂಡು ಬರುತ್ತದೆ. ಹಳೆ ಜಪಾನಿ ಮಾದರಿಯ ಗಾಡಿಗಳಲ್ಲಿ ಸ್ಕ್ರೂವಿನ ತಲೆಯ ಮೇಲೆ ಒಂದು ಪುಟ್ಟ ಚುಕ್ಕಿ ಇದ್ದರೆ ಅದು ಜೆಐಎಸ್ ಅಂತ ತಿಳಿಯಿರಿ.

ನಾನು ತಗೊಂಡಿದ್ದು ವೆಸೆಲ್ ಕಂಪನಿಯ ಎರಡನೇ ನಂಬರಿನ ಡ್ರೈವರ್. ಒಸಾಕಾದ್ದು, 1916ರಿಂದ ಇರುವ ಕಂಪನಿ. ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿದರೆ ತುದಿ ತಾನೇ ಒಂದಿಷ್ಟು ತಿರುಗುವ ಮಾದರಿ. ಪೆಟ್ಟು ತುದಿಯನ್ನು ಸ್ಕ್ರೂವಿನ ಒಳಗೆ ಒತ್ತಿ ಹಿಡಿಯುತ್ತದೆ, ಅದೇ ಗಳಿಗೆಯಲ್ಲಿ ತಿರುಗಿಸುತ್ತದೆ. ಹಾಗಾಗಿ ಮೇಲೇಳಲು ಅವಕಾಶವೇ ಇಲ್ಲ.

ಬಂದ ದಿನವೇ ಒಂದು ಹಳೆ ಬೈಕಿನ ಫ್ಲೋಟ್ ಬೌಲ್ ಬಿಚ್ಚಿದೆ. ನಾಲ್ಕು ಸ್ಕ್ರೂ. ಮೂರನ್ನು ಯಾರೋ ಮೊದಲೇ ಅರ್ಧ ಕೆಡಿಸಿದ್ದರು. ಒಂದೊಂದಕ್ಕೆ ಎರಡು ಪೆಟ್ಟು. ನಾಲ್ಕೂ ಬಂದವು. ಒಂದನ್ನೂ ಡ್ರಿಲ್ ಮಾಡಲಿಲ್ಲ. ಆ ನಾಲ್ಕು ಸ್ಕ್ರೂಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡುತ್ತಾ ಕೂತಿದ್ದೆ.

ಹುಬ್ಬಳ್ಳಿ ಕಾರ್ ಗ್ಯಾರೇಜ್:
ಮೇಡಂ, ತುಂಬಾ ಉಪಯೋಗದ ಮಾತು. ಆ ಚುಕ್ಕಿ ಎಷ್ಟೋ ಸಲ ನೋಡಿದ್ದೇನೆ, ಅರ್ಥ ಈಗ ಗೊತ್ತಾಯಿತು.

ಹಾಸನ ಗ್ಯಾರೇಜ್:
ಟಾರ್ಕ್ ರೆಂಚ್, ಅಂದರೆ ಬೇಕಾದಷ್ಟೇ ಬಿಗಿ ಮಾಡಲು ಅಳತೆ ಇರುವ ಪಾನಾ, ಯಾರಾದರೂ ತಗೊಂಡಿರಾ? ನನಗೆ ಮೂವತ್ತು ವರ್ಷದ ಅನುಭವ. ಕೈಗೆ ಗೊತ್ತಾಗುತ್ತದೆ ಎಷ್ಟು ಬಿಗಿ ಅಂತ. ಅಷ್ಟು ದುಡ್ಡು ಕೊಟ್ಟು ಅದು ಬೇಕಾ ಅನ್ನುವುದು ನನ್ನ ಪ್ರಶ್ನೆ.

ಪೀಣ್ಯ ಫಿಟ್ಟರ್:
ನಿಮ್ಮ ಕೈಯನ್ನು ನಾನು ನಂಬುತ್ತೇನೆ. ಆದರೆ ಕೈಗೆ ಗೊತ್ತಾಗುವುದು ಪಾನಾದ ಉದ್ದಕ್ಕೆ ಹೊಂದಿಕೊಂಡು. ಲೆಕ್ಕ ನೋಡಿ.

6 ಮಿ.ಮೀ. ಬೋಲ್ಟು ಸುಮಾರು 10 ನ್ಯೂಟನ್ ಮೀಟರ್ ಬಿಗಿ ಕೇಳುತ್ತದೆ. 10ರ ಪಾನಾ ಸುಮಾರು 12 ಸೆಂ.ಮೀ. ಉದ್ದ. ಅದರ ತುದಿಯಲ್ಲಿ 8 ಕೆ.ಜಿ. ಭಾರದಷ್ಟು ಎಳೆದರೆ ಆ ಬಿಗಿ ಬರುತ್ತದೆ. ಪಾನಾ ಮಾಡುವವರು ಸಣ್ಣ ಸೈಜಿಗೆ ಗಿಡ್ಡ ಹಿಡಿ ಕೊಟ್ಟಿದ್ದೇ ಇದಕ್ಕೆ. ಈಗ ಅದೇ ಬೋಲ್ಟಿಗೆ 25 ಸೆಂ.ಮೀ. ಉದ್ದದ ರಾಚೆಟ್ ಹಾಕಿ. ಕೈ ಅದೇ 8 ಕೆ.ಜಿ. ಎಳೆಯುತ್ತದೆ, ಅದಕ್ಕೆ ಅಭ್ಯಾಸ ಆಗಿದೆ. ಆದರೆ ಬೋಲ್ಟಿಗೆ ಬಿದ್ದಿದ್ದು 20. ಅಲ್ಯುಮಿನಿಯಂ ಕೇಸಿನ ಥ್ರೆಡ್ ಬೆಣ್ಣೆ ತರ ಬರುತ್ತದೆ. ಹೊಸ ಹುಡುಗರಿಗೆ ಒಳ್ಳೆ ರಾಚೆಟ್ ಕೊಟ್ಟ ವಾರವೇ ಕ್ಲಚ್ ಕವರಿನ ಬೋಲ್ಟ್ ಥ್ರೆಡ್ ಹೋಗುವುದು ಇದಕ್ಕೇ.

ಇನ್ನೊಂದಿದೆ. ನಾವು ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆದು ಹಿಡಿಯುತ್ತದೆ. ಮಿಕ್ಕಿದ್ದು ತಿಕ್ಕಾಟಕ್ಕೆ ಹೋಗುತ್ತದೆ. ಥ್ರೆಡ್ಡಿಗೆ ಎಣ್ಣೆ ತಾಗಿದರೆ ತಿಕ್ಕಾಟ ಕಡಿಮೆ, ಅದೇ ಬಿಗಿಗೆ ಬೋಲ್ಟು ಜಾಸ್ತಿ ಎಳೆಯುತ್ತದೆ. ಆದ್ದರಿಂದ ಟಾರ್ಕ್ ರೆಂಚ್ ಇದ್ದರೂ ಮ್ಯಾನುಯಲ್‌ನಲ್ಲಿ ಒಣ ಥ್ರೆಡ್ಡೋ ಎಣ್ಣೆ ಹಚ್ಚಿದ್ದೋ ಅಂತ ನೋಡಲೇಬೇಕು.

ಹಾಸನ ಗ್ಯಾರೇಜ್:
ರಾಚೆಟ್ ಉದ್ದದ ಮಾತು ಒಪ್ಪುತ್ತೇನೆ. ನನ್ನ ಹುಡುಗನೂ ಎರಡು ಕವರ್ ಕೆಡಿಸಿದ್ದಾನೆ, ಸುಮ್ಮನೆ ಅವನನ್ನು ಬೈದೆ. ಹೆಡ್ ಬೋಲ್ಟಿಗೆ ನಾನು ಟಾರ್ಕ್ ರೆಂಚ್ ಬಳಸುತ್ತೇನೆ, ಪಕ್ಕದ ಗ್ಯಾರೇಜಿನಿಂದ ತರುತ್ತೇನೆ. ಸಣ್ಣ ಬೋಲ್ಟಿಗೂ ಬೇಕು ಅಂತ ಅನ್ನಿಸಿರಲಿಲ್ಲ.

ಹುಬ್ಬಳ್ಳಿ ಕಾರ್ ಗ್ಯಾರೇಜ್:
ಸಣ್ಣ ಬೋಲ್ಟಿಗೇ ಜಾಸ್ತಿ ಬೇಕು ಸರ್. ದೊಡ್ಡದು ಹೇಗೋ ತಡೆಯುತ್ತದೆ. 1/4 ಡ್ರೈವಿನದು, 5ರಿಂದ 25 ನ್ಯೂಟನ್ ಮೀಟರ್‌ನದು ಮೊದಲು ತಗೊಳ್ಳಿ. ಎರಡು ಮಾತು ಮಾತ್ರ ಮರೆಯಬೇಡಿ. ಕೆಲಸ ಆದ ಮೇಲೆ ಸ್ಪ್ರಿಂಗನ್ನು ಅತಿ ಕಡಿಮೆ ಗುರುತಿಗೆ ಇಳಿಸಿ ಇಡಿ, ಅದಕ್ಕಿಂತ ಕೆಳಗೆ ಬಿಚ್ಚಬೇಡಿ. ಅದರಲ್ಲಿ ಬೋಲ್ಟ್ ಬಿಚ್ಚುವ ಕೆಲಸ ಬೇಡವೇ ಬೇಡ. ಮತ್ತೆ ಪಕ್ಕದವರಿಂದ ತರುವುದಾದರೆ, ಅವರು ಅದನ್ನು ಬೀಳಿಸಿದ್ದಾರಾ ಅಂತ ಕೇಳಿ. ಒಂದು ಸಲ ಬಿದ್ದರೂ ಪರೀಕ್ಷೆ ಮಾಡಿಸಬೇಕು.

ತುಮಕೂರು ಇವಿ:
ನಾನು ಈಗ ಬರೀ ಎಲೆಕ್ಟ್ರಿಕ್ ಸ್ಕೂಟರ್ ಕೆಲಸ ಮಾಡುತ್ತಿದ್ದೇನೆ. ನನ್ನ ಹೊಸ ಪಾನಾಗಳಿಗೆ ಮೈತುಂಬ ಕೆಂಪು ಅಂಗಿ. 1000 ವೋಲ್ಟ್ ಅಂತ ಬರೆದು, ಪಕ್ಕದಲ್ಲಿ ಎರಡು ತ್ರಿಕೋನದ ಗುರುತು ಇರುತ್ತದೆ. ಐಇಸಿ 60900 ಅನ್ನುವ ನಿಯಮದ ಪ್ರಕಾರ 10,000 ವೋಲ್ಟಿನಲ್ಲಿ ಪರೀಕ್ಷೆ ಮಾಡಿ ಕಳಿಸುತ್ತಾರೆ.

ಸ್ಕೂಟರ್ ಬ್ಯಾಟರಿ 48, 60, 72 ವೋಲ್ಟ್ ಅಷ್ಟೇ, ಅದಕ್ಕೆ ಇದೆಲ್ಲ ಯಾಕೆ ಅಂತ ಕೇಳುತ್ತಾರೆ. ಶಾಕ್ ಒಂದೇ ಭಯ ಅಲ್ಲ. ನಾನು ಕಲಿಯುವಾಗ ಪಕ್ಕದವನ 10ರ ಪಾನಾ ಕೈಜಾರಿ ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಬಿತ್ತು. ನೀಲಿ ಬೆಳಕು, ಪಟ್ ಅಂತ ಸದ್ದು. ಪಾನಾ ಅಲ್ಲೇ ವೆಲ್ಡ್ ಆಗಿ ಅಂಟಿಕೊಂಡಿತು. ಅವನು ಕೈ ಹಿಂದೆ ಎಳೆದುಕೊಂಡಿದ್ದಕ್ಕೆ ಬಚಾವ್. ಆ ಅರೆ ಕ್ಷಣ ಇನ್ನೂ ಕಣ್ಣ ಮುಂದೆ ಇದೆ.

ಇನ್ಸುಲೇಷನ್ ಟೇಪ್ ಸುತ್ತಿದ ಪಾನಾ ಇದಕ್ಕೆ ಸಮ ಅಲ್ಲ. ಟೇಪ್ ಬಿಸಿಗೆ ಜಾರುತ್ತದೆ, ಎಣ್ಣೆಗೆ ಬಿಡುತ್ತದೆ. ಕೆಂಪು ಅಂಗಿ ಎಲ್ಲಾದರೂ ಸೀಳಿದರೆ ಆ ಪಾನಾ ಬ್ಯಾಟರಿ ಕೆಲಸಕ್ಕೆ ಬೇಡ. ಮತ್ತೆ ಉಂಗುರ, ಕೈಗಡಿಯಾರ, ಬೆಳ್ಳಿ ಕಡಗ ತೆಗೆದಿಟ್ಟೇ ಕೆಲಸ ಶುರು ಮಾಡಿ.

ಸಿಂಧನೂರು ಟ್ರ್ಯಾಕ್ಟರ್:
ನಮ್ಮದು ಭತ್ತದ ಸೀಮೆ. ಕೆಸರು ಗದ್ದೆಯಿಂದ ಬಂದ ಟ್ರ್ಯಾಕ್ಟರ್ ಚಕ್ರದ ನಟ್ಟು ಹೇಗಿರುತ್ತದೆ ಅಂತ ಹೇಳುವುದೇ ಬೇಡ. ಕೇಜ್ ವೀಲ್ ಹಾಕಿ ತೆಗೆದು ಹಾಕಿ ತೆಗೆದು ಥ್ರೆಡ್ಡಿನಲ್ಲಿ ಮಣ್ಣು ಕಲ್ಲಾಗಿರುತ್ತದೆ.

ಈ ಸಲ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ ತಗೊಂಡೆ, 3/4 ಡ್ರೈವಿನದು. ಹೋದ ವರ್ಷ ಗಾಳಿಯ ಒತ್ತಡದಲ್ಲಿ ಬಡಿದು ನಟ್ಟು ಬಿಚ್ಚುವ ಗನ್ನಿಗೆ ಹೊಳೆಯುವ ಕ್ರೋಮ್ ಸಾಕೆಟ್ ಹಾಕಿದ್ದೆ. ಮೂರನೇ ನಟ್ಟಿಗೆ ಸೀಳಿ ಒಂದು ಚೂರು ಮಡ್‌ಗಾರ್ಡ್‌ಗೆ ಬಡಿದು ತಗಡು ಒಳಗೆ ಹೋಯಿತು. ಅಲ್ಲಿ ಮನುಷ್ಯ ನಿಂತಿದ್ದರೆ ಏನಾಗುತ್ತಿತ್ತು! ಕ್ರೋಮ್ ಸಾಕೆಟ್ ತುಂಬಾ ಗಡಸು, ಬಡಿತಕ್ಕೆ ಗಾಜಿನ ತರ ಒಡೆಯುತ್ತದೆ. ಕಪ್ಪನೆಯದು ಕ್ರೋಮ್ ಮಾಲಿಬ್ಡಿನಂ, ಗೋಡೆ ದಪ್ಪ, ಸ್ವಲ್ಪ ಮೆದು. ಬಡಿತವನ್ನು ನುಂಗುತ್ತದೆ. ದಯವಿಟ್ಟು ಯಾರೂ ಗನ್ನಿಗೆ ಹೊಳೆಯುವ ಸಾಕೆಟ್ ಹಾಕಬೇಡಿ.

ದಮ್ಮಾಮ್ ಪಂಪ್ ಮೆಕ್ಯಾನಿಕ್:
ಸೌದಿಯಿಂದ ನಮಸ್ಕಾರ. ಊರು ಬಂಟ್ವಾಳ. ಮೈಸೂರಿನವರ 13.3 ಓದಿ ನಗು ಬಂತು, ಯಾಕೆಂದರೆ ನಮ್ಮದೂ ಅದೇ ಗೋಳು. ಇಲ್ಲಿ ಪಂಪಿನ ಫ್ಲ್ಯಾಂಜ್ ನಟ್ಟು ಎಲ್ಲ ಇಂಚು. 3/4 ಸ್ಟಡ್‌ಗೆ ಹಾಕುವ ಹೆವಿ ನಟ್ಟಿನ ಅಗಲ ಒಂದೂಕಾಲು ಇಂಚು, ಅಂದರೆ 31.75 ಮಿ.ಮೀ. 32ರ ಪಾನಾ ಹೋಗುತ್ತದೆ, ನಡೆಯುತ್ತದೆ. 3/4 ಇಂಚಿನ ಪಾನಾ ಬೇಕಾದ ಕಡೆ 19 ಕೂಡ ನಡೆಯುತ್ತದೆ, 3/4 ಇಂಚು ಅಂದರೆ 19.05. ಆದರೆ ಅರ್ಧ ಇಂಚು ಅಂದರೆ 12.7. ಅಲ್ಲಿ 13 ಹಾಕಿದರೆ ಮೂಲೆ ಹೋಯಿತು ಅಂತಲೇ ಲೆಕ್ಕ. ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಅಂತ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿದ್ದೇನೆ.

ಹೊಸದಾಗಿ ತಗೊಂಡಿದ್ದು ಕ್ನಿಪೆಕ್ಸ್ ಪ್ಲೇಯರ್ ರೆಂಚ್. ಜರ್ಮನಿಯ ವುಪರ್ಟಾಲ್‌ನದು. ಎರಡು ದವಡೆ ಯಾವಾಗಲೂ ಒಂದಕ್ಕೊಂದು ಸಮಾನಾಂತರ, ಹಲ್ಲು ಇಲ್ಲ, ನುಣುಪು. ಇಂಚೋ ಮಿ.ಮೀ.ಯೋ, ಅದಕ್ಕೆ ಲೆಕ್ಕವೇ ಇಲ್ಲ. ಹಿಡಿ ಒತ್ತಿದಷ್ಟೂ ನಟ್ಟಿನ ಮಗ್ಗುಲನ್ನು ಬಿಗಿಯಾಗಿ ಹಿಡಿಯುತ್ತದೆ. ಹಿತ್ತಾಳೆ ನಟ್ಟಿನ ಮೇಲೂ ಗೀರು ಬೀಳುವುದಿಲ್ಲ. ಬೆಲೆ ಜಾಸ್ತಿ, ನಿಜ. ಎರಡು ತಿಂಗಳು ಕಾದು ತಗೊಂಡೆ. ಊರಿಗೆ ಬರುವಾಗ ತಮ್ಮನಿಗೂ ಒಂದು ತರುತ್ತೇನೆ.

ಚಿಕ್ಕಮಗಳೂರು ಐಟಿಐ:
ಅಣ್ಣ, ಬೆಂಗಳೂರಿಗೆ ಹೋಗಿ ಬಂದೆ. 8, 10, 12, 14, 17 ಬಿಡಿಯಾಗಿ ತಗೊಂಡೆ. ಕಟಿಂಗ್ ಪ್ಲೇಯರ್ ತಗೊಂಡೆ. ಸುತ್ತಿಗೆಗೆ ದುಡ್ಡು ಸಾಲಲಿಲ್ಲ, ಮುಂದಿನ ತಿಂಗಳು. ಜೇಬಲ್ಲಿ 10ರ ತಲೆಯ ಒಂದು ಬೋಲ್ಟ್ ಒಯ್ದಿದ್ದೆ. ಅಂಗಡಿಯವರು ಕೊಟ್ಟ ಮೊದಲ ಪಾನಾ ಸ್ವಲ್ಪ ಆಡುತ್ತಿತ್ತು. ಬೇರೆ ಕೊಡಿ ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಇನ್ನೂ ನಾಲ್ಕು ತೆಗೆದು ಮುಂದಿಟ್ಟರು.

ಮನೆಗೆ ಬಂದು ಅಪ್ಪನ ಹಳೆ ಬೈಕಿನ ಚೈನ್ ಕವರಿನ ಬೋಲ್ಟಿಗೆ ಹಾಕಿದೆ. ನಾಲ್ಕು ವರ್ಷದಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ, ರೌಂಡ್ ಆಗುತ್ತದೆ ಅಂತ ಭಯ. ರಿಂಗ್ ಕಡೆಯಿಂದ ಹಾಕಿ, ಒಂದು ಕೈಯಲ್ಲಿ ತಲೆ ಒತ್ತಿ ಹಿಡಿದು ಎಳೆದೆ. ಕಿರ್ ಅಂತ ಒಂದು ಸದ್ದು, ಆಮೇಲೆ ಸಲೀಸು.

ಒಂದು ಪ್ರಶ್ನೆ. ಹಾಸ್ಟೆಲಿನಲ್ಲಿ ಎಲ್ಲರ ಪಾನಾವೂ ಒಂದೇ ತರ. ನನ್ನದು ಅಂತ ಗುರುತು ಹಾಕುವುದು ಹೇಗೆ?

ಪೀಣ್ಯ ಫಿಟ್ಟರ್:
ಹಿಡಿಯ ಮಧ್ಯದಲ್ಲಿ ಅರದ ಅಂಚಿನಿಂದ ತೆಳುವಾಗಿ ಎರಡು ಗೀರು ಹಾಕು. ಬಾಯಿಯ ಹತ್ತಿರ ಹಾಕಬೇಡ, ಗೀರಿನಿಂದಲೇ ಬಿರುಕು ಶುರುವಾಗುತ್ತದೆ. ಸುತ್ತಿಗೆಯಲ್ಲಿ ಅಕ್ಷರದ ಪಂಚ್ ಹೊಡೆಯುವುದೂ ಬೇಡ. ಗೀರಿನ ಮೇಲೆ ಒಂದು ತೊಟ್ಟು ಎಣ್ಣೆ ಹಚ್ಚು, ಅಲ್ಲಿ ಕ್ರೋಮ್ ಹೋಗಿರುತ್ತದೆ. ಮಲ್ಪೆಯವರು ಹೇಳಿದ್ದು ನೆನಪಿದೆ ಅಲ್ವಾ?